ಹೋಮ್‌ಸ್ಟೇ ಆದ ದೊಡ್ಡಮನೆ: ಕೊಳಗದ ಕಥೆಯನ್ನೂ ಗೋಡೆಗೆ ಹಾಕಿ

ನಮ್ಮೂರಿನ ದೊಡ್ಡಮನೆ ಹೋಮ್‌ಸ್ಟೇ ಆಗಿ ಆರು ವರ್ಷ ಆಯಿತು. ಸಾಗರ ತಾಲ್ಲೂಕಿನ ಒಳಗಿನ ಊರು ನಮ್ಮದು. ಶುಕ್ರವಾರ ರಾತ್ರಿ ಬೆಂಗಳೂರಿನ ಕಾರುಗಳು ಬಂದು ನಿಲ್ಲುತ್ತವೆ. ಬಂದವರು ಶನಿವಾರ ಜೋಗ ನೋಡುತ್ತಾರೆ, ಭಾನುವಾರ ಬೆಳಗ್ಗೆ ಇಕ್ಕೇರಿ, ಕೆಳದಿ ಮುಗಿಸಿ, ಮಧ್ಯಾಹ್ನ ಬಾಳೆ ಎಲೆ ಊಟ ಮಾಡಿ ಹೊರಡುತ್ತಾರೆ. ಹೋಗುವ ಮುಂಚೆ ಜಗಲಿಯ ಮೇಲೆ ಸಾಲಾಗಿ ಕೂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ.

ಆ ಜಗಲಿಯ ಮೇಲೆ ನನ್ನ ಅಜ್ಜ ಒಂದು ದಿನವೂ ಕೂತವರಲ್ಲ. ಅಂಗಳದಲ್ಲಿ ನಿಂತೇ ಮಾತಾಡುತ್ತಿದ್ದರು.

ಹೋದ ವರ್ಷ ಆ ಮನೆಯ ಈಗಿನ ಯಜಮಾನರು ನನ್ನನ್ನು ಕರೆದರು. "ನೀನು ಜರ್ನಲಿಸಂ ಓದಿದವ ಅಲ್ವಾ, ನಮ್ಮನೆ ಹಿಸ್ಟರಿ ಒಂದು ಪುಟ ಬರೆದುಕೊಡು ಮಾರಾಯ. ಬಂದವರೆಲ್ಲ ಕೇಳ್ತಾರೆ. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕ್ತೀನಿ" ಅಂದರು. ನಾನು ಅವರನ್ನು ಅಣ್ಣ ಎಂದು ಕರೆಯುತ್ತೇನೆ. ನಮ್ಮಪ್ಪ ಅವರಪ್ಪನನ್ನು "ಅಯ್ಯಾ" ಎನ್ನುತ್ತಿದ್ದರು. ನಮ್ಮಜ್ಜ ಅವರಜ್ಜನನ್ನು "ಒಡೇರೇ" ಎನ್ನುತ್ತಿದ್ದರು. ಮೂರು ತಲೆಮಾರಿಗೆ ಮೂರು ಮಾತು. ಯಾರಾದರೂ ನನ್ನನ್ನು ಕೇಳಿದ್ದರೆ, ಆ ಮನೆಯ ಚರಿತ್ರೆಯನ್ನು ಇಲ್ಲಿಂದಲೇ ಶುರು ಮಾಡಬಹುದಿತ್ತು.

ನಾನು ನಾಲ್ಕು ಪುಟ ಬರೆದುಕೊಟ್ಟೆ. ಗೋಡೆಗೆ ಹೋಗಿದ್ದು ಒಂದು ಪುಟ. ಉಳಿದ ಮೂರು ಪುಟದಲ್ಲಿ ಏನಿತ್ತು, ಅದು ಯಾಕೆ ಬಿಟ್ಟುಹೋಯಿತು, ಬಿಡಬಾರದಿತ್ತು ಎಂದು ನನಗೆ ಯಾಕೆ ಅನ್ನಿಸುತ್ತದೆ, ಇಷ್ಟೇ ಈ ಬರಹ. ಅಣ್ಣನಿಗೆ ಹೇಳಿಯೇ ಬರೆಯುತ್ತಿದ್ದೇನೆ. ಊರಿನ ಹೆಸರು, ಮನೆತನದ ಹೆಸರು ಹಾಕಬೇಡ ಅಂದಿದ್ದಾರೆ, ಹಾಕಿಲ್ಲ. ಮಲೆನಾಡಿನಲ್ಲಿ ಇಂಥ ಮನೆಗಳು ನೂರಾರಿವೆ, ನಿಮಗೆ ನಿಮ್ಮೂರಿನದ್ದೇ ನೆನಪಾಗಬಹುದು.

ಮೊದಲು ಮನೆಯ ವಯಸ್ಸಿನ ವಿಚಾರ. ಗೇಟಿನ ಬೋರ್ಡಿನಲ್ಲಿ "200 ವರ್ಷ ಹಳೆಯ ತೊಟ್ಟಿ ಮನೆ" ಎಂದಿದೆ. ಇನ್ನೊಂದು ಕಡೆ, ಇಂಟರ್‌ನೆಟ್ಟಿನಲ್ಲಿ, "1865ರಲ್ಲಿ ಕಟ್ಟಿದ ಮನೆ" ಎಂದಿತ್ತು. 1865 ಎಲ್ಲಿಂದ ಬಂತು ಎಂದು ಕೇಳಿದೆ. ಅಟ್ಟಕ್ಕೆ ಹತ್ತಿಸಿ ಒಂದು ಹೆಂಚು ತೋರಿಸಿದರು. ಬಾಸೆಲ್ ಮಿಷನ್ ಕಾರ್ಖಾನೆಯ ಮಂಗಳೂರು ಹೆಂಚು. ಅದರ ಮೇಲೆ ಇಂಗ್ಲಿಷಿನಲ್ಲಿ 1865 ಎಂದು ಅಚ್ಚೊತ್ತಿದೆ.

ಇದು ಬಹಳ ಕಡೆ ಆಗುವ ತಪ್ಪು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಂಚಿನ ಮೇಲಿನ 1865 ಆ ಹೆಂಚು ಸುಟ್ಟ ವರ್ಷ ಅಲ್ಲ, ಕಾರ್ಖಾನೆ ಶುರುವಾದ ವರ್ಷ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು ಆಗ. ಆಮೇಲೆ ಎಷ್ಟೋ ವರ್ಷ ಅದೇ ಅಚ್ಚಿನಲ್ಲಿ ಹೆಂಚು ಬಂತು. ಬಿಸ್ಕತ್ತಿನ ಪೊಟ್ಟಣದ ಮೇಲೆ ಕಂಪನಿ ಹುಟ್ಟಿದ ವರ್ಷ ಇರುತ್ತದಲ್ಲ, ಹಾಗೆ. ಅದಕ್ಕೂ ಮುಂಚೆ ಇಲ್ಲಿನ ಮನೆಗಳ ಮಾಡಿಗೆ ಇದ್ದಿದ್ದು ಅಡಿಕೆ ಸೋಗೆ, ಇಲ್ಲವೇ ಹುಲ್ಲು. ಅನುಕೂಲ ಇದ್ದವರಿಗೆ ಕುಂಬಾರರು ತಟ್ಟಿದ ನಾಡಹೆಂಚು. ಹೆಂಚು ನೋಡಿ ಮನೆಯ ವಯಸ್ಸು ಹೇಳುವುದು, ಅಂಗಿ ನೋಡಿ ಮನುಷ್ಯನ ವಯಸ್ಸು ಹೇಳಿದ ಹಾಗೆ.

ನಮ್ಮೂರಿನ ಹಿರಿಯ ಆಚಾರಿಯೊಬ್ಬರನ್ನು ಕರೆದುಕೊಂಡು ಹೋಗಿ ಮನೆ ಇಡೀ ತೋರಿಸಿದೆ. ಅವರು ಕಂಬ ಮುಟ್ಟಿ ಮುಟ್ಟಿ ನೋಡಿದರು. ತೊಟ್ಟಿಯ ಸುತ್ತ ಇರುವ ಹಲಸಿನ ಕಂಬಗಳೆಲ್ಲ ಒಂದೇ ಕೈಯ ಕೆಲಸ, ಹಳೆಯವು. ಮುಂದಿನ ಜಗಲಿಯ ನಾಲ್ಕು ಕಂಬ ಮಾತ್ರ ಬೇರೆ. ಕುಸುರಿ ಬೇರೆ, ಎತ್ತರ ಬೇರೆ, ಬುಡಕ್ಕೆ ಕಲ್ಲು ಕೊಟ್ಟು ಎತ್ತರ ಸರಿಮಾಡಿದ್ದಾರೆ. "ಇವು ಮುಳುಗಡೆ ಕಂಬ" ಅಂದರು ಆಚಾರಿ.

ಮುಳುಗಡೆ ಎಂದರೆ ನಮ್ಮ ಕಡೆ ಬಿಡಿಸಿ ಹೇಳುವುದು ಬೇಡ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ 1964ರಲ್ಲಿ ನೀರು ನಿಂತಾಗ ಮನೆ ಬಿಟ್ಟು ಎದ್ದು ಬಂದವರು ತಮ್ಮ ಮನೆ ತಾವೇ ಬಿಚ್ಚಿದರು. ಹೊತ್ತೊಯ್ಯಲು ಆದಷ್ಟನ್ನು ಒಯ್ದರು, ಆಗದ್ದನ್ನು ಮಾರಿದರು. ಆ ನಾಲ್ಕು ಕಂಬ ಯಾರದೋ ಮನೆಯ ಜಗಲಿಯಲ್ಲಿ ನಿಂತಿದ್ದವು, ಆ ಮನೆಯ ಜಾಗದಲ್ಲಿ ಈಗ ನೀರಿದೆ. ಅತಿಥಿಗಳು ಬೆಳಗ್ಗೆ ಆ ನೀರಿನ ಮೇಲೆ ದೋಣಿಯಲ್ಲಿ ಹೋಗಿ, ಸಂಜೆ ಆ ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಾರೆ. ಇದಕ್ಕಿಂತ ದೊಡ್ಡ ಕಥೆ ಆ ಮನೆಯಲ್ಲಿ ಯಾವುದಿದೆ? ಆದರೆ "200 ವರ್ಷ" ಎಂದು ಬರೆದ ಮೇಲೆ, 60 ವರ್ಷದ ಕೆಳಗೆ ಬಂದ ಕಂಬದ ಕಥೆ ಹೇಳಲು ಬರುವುದಿಲ್ಲ. ಬೋರ್ಡು ಸುಳ್ಳಾಗುತ್ತದೆ. ವಯಸ್ಸು ಹೆಚ್ಚಿಸಿ ಹೇಳುವ ಆಸೆಗೆ ನಿಜವಾದ ಕಥೆಯನ್ನೇ ಕಳೆದುಕೊಂಡ ಹಾಗೆ.

ಈ ಒಂದು ಸಾಲನ್ನು ಅಣ್ಣ ಒಪ್ಪಿಕೊಂಡರು, ಗೋಡೆಯ ಪುಟದಲ್ಲಿ ಕಂಬದ ವಿಷಯ ಇದೆ. 1865 ಎನ್ನುವುದನ್ನೂ ತೆಗೆಸಿದರು. ಗೇಟಿನ 200 ವರ್ಷ ಮಾತ್ರ ಹಾಗೇ ಇದೆ, ಬೋರ್ಡು ಮತ್ತೆ ಬರೆಸಲು ದುಡ್ಡಾಗುತ್ತದಂತೆ.

ಇನ್ನು ಒಳಗೆ ಬನ್ನಿ. ಅಡಿಕೆ ಬೆಳೆಗಾರರ ಮನೆ ಎಂದರೆ ಅದು ಬರೀ ವಾಸದ ಮನೆ ಅಲ್ಲ, ಒಂದು ಕಾರ್ಖಾನೆ. ಸುಗ್ಗಿ ಶುರುವಾದರೆ ಅಂಗಳ, ಜಗಲಿ, ಕೊಟ್ಟಿಗೆ ಎಲ್ಲ ಕಡೆ ಕೆಲಸ. ಕೊನೆ ಕೊಯ್ದು ಹೊತ್ತು ತರಬೇಕು. ತಂದಿದ್ದು ಹಣ್ಣಾಗುವ ಮೊದಲು ಸುಲಿದಾಗಬೇಕು. ಸುಲಿದಿದ್ದನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ, ಚೊಗರು ಹಾಕಿ, ಚಪ್ಪರದ ಮೇಲೆ ಒಣಹಾಕಬೇಕು. ನಮ್ಮ ಅಜ್ಜಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮನೆಯಲ್ಲಿ ಅಡಿಕೆ ಸುಲಿದವಳು. ಸಂಜೆ ತಮ್ಮ ಮನೆಯ ಅಡುಗೆ ಮುಗಿಸಿ, ಮಕ್ಕಳನ್ನು ಮಲಗಿಸಿ, ಹೆಂಗಸರೆಲ್ಲ ಲಾಟೀನು ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವುದು ನಡುರಾತ್ರಿ ದಾಟಿದ ಮೇಲೆ. ಕೂಲಿ ಡಬ್ಬಿ ಲೆಕ್ಕದಲ್ಲಿ. ಅಜ್ಜಿಯ ಬಲಗೈ ಹೆಬ್ಬೆರಳಿನಲ್ಲಿ ಇವತ್ತಿಗೂ ಒಂದು ಕಪ್ಪು ಗೆರೆ ಇದೆ, ಅಡಿಕೆ ಕರೆಯದ್ದು.

ಈಗ ಅಡಿಕೆ ಬೇಯಿಸುತ್ತಿದ್ದ ಒಲೆಮನೆ ಎಣ್ಣೆಸ್ನಾನದ ಕೋಣೆಯಾಗಿದೆ. ಕೊಟ್ಟಿಗೆಗೆ ಟೈಲ್ಸ್ ಹಾಕಿ ಎಂಟು ಮಂಚ ಹಾಕಿದ್ದಾರೆ. ಭತ್ತದ ಪಣತ ಇದ್ದ ಕೋಣೆ, ನಗಬೇಡಿ, ಹೊಸ ಜೋಡಿಗಳಿಗೆ ಕೊಡುವ ಕೋಣೆ. ನನಗೆ ಇದರ ಬಗ್ಗೆ ಒಂದಿಷ್ಟೂ ತಕರಾರಿಲ್ಲ. ಕೋಣೆ ಬಳಕೆಯಲ್ಲಿದ್ದರೆ ಗೆದ್ದಲು ಬರುವುದಿಲ್ಲ. ಬಳಕೆ ತಪ್ಪಿದ ಮನೆಗಳು ಏನಾದವು ಎಂದು ನಾವೇ ನೋಡಿದ್ದೇವೆ. ಮಕ್ಕಳು ಊರು ಬಿಟ್ಟರು, ಪಾಲಾಯಿತು, ಮಾಡು ಸೋರಿತು. ಹಳೇ ಮರದ ಸಾಮಾನು ಕೊಳ್ಳುವವರು ಪಿಕಪ್ ತಂದರು. ಬಾಗಿಲವಾಡ ಒಂದು ಕಡೆ, ಕಂಬ ಒಂದು ಕಡೆ, ಪೆಟ್ಟಿಗೆ ಇನ್ನೊಂದು ಕಡೆ. ಪೇಟೆಯ ಯಾವುದೋ ಹೋಟೆಲಿನ ಬಾಗಿಲಲ್ಲಿ ನಮ್ಮೂರಿನ ಯಾರದೋ ಮನೆಯ ಹೊಸ್ತಿಲು ನಿಂತಿದೆ.

ಇಂಥ ಮನೆಗಳನ್ನು ಉಳಿಸಲು ಬೇರೆ ದಾರಿಗಳೂ ಇವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ತೀರ್ಥಹಳ್ಳಿ ಹತ್ತಿರದ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ಕವಿಮನೆಯಾಗಿ ಉಳಿಯಿತು. ಎರಡೂ ದೊಡ್ಡ ಕೆಲಸ. ಆದರೆ ಎಲ್ಲ ಊರಿನಲ್ಲೂ ಶೆಣೈ ಇರುವುದಿಲ್ಲ, ಎಲ್ಲ ಮನೆಯಲ್ಲೂ ಕುವೆಂಪು ಹುಟ್ಟುವುದಿಲ್ಲ. ಉಳಿದ ಮನೆಗಳಿಗೆ ಹೋಮ್‌ಸ್ಟೇ ಒಳ್ಳೆಯ ದಾರಿ ಎಂದೇ ನನ್ನ ಅಭಿಪ್ರಾಯ. ಒಲೆ ಉರಿಯುತ್ತದೆ, ದೀಪ ಹತ್ತುತ್ತದೆ. ಮನೆಯವರೇ ಅಲ್ಲಿ ವಾಸ ಇರುತ್ತಾರೆ. ನಮ್ಮ ಕೇರಿಯ ಮೂವರು ಹೆಂಗಸರಿಗೆ ಅಲ್ಲಿ ವರ್ಷವಿಡೀ ಕೆಲಸ ಇದೆ.

ಹಾಗಾದರೆ ನನ್ನ ತಕರಾರು ಏನು? ಸ್ವಾಗತದ ಮೇಜಿನ ಮೇಲೆ ಇರುವ ಒಂದು ಕೊಳಗ.

ಹಿತ್ತಾಳೆಯ ಪಟ್ಟಿ ಹೊಡೆದ ಮರದ ಕೊಳಗ ಅದು. ಒಳಗೆ ಒಣಹೂವು ಇಟ್ಟಿದ್ದಾರೆ. ಪಕ್ಕದಲ್ಲಿ ಸಣ್ಣ ಚೀಟಿ: "ಹಿಂದಿನ ಕಾಲದಲ್ಲಿ ಧಾನ್ಯ ಅಳೆಯುತ್ತಿದ್ದ ಪಾತ್ರೆ". ತಪ್ಪಿಲ್ಲ. ಆದರೆ ಸಾಗರ ತಾಲ್ಲೂಕಿನಲ್ಲಿ ನಿಂತು ಕೊಳಗದ ಬಗ್ಗೆ ಇಷ್ಟೇ ಹೇಳುವುದು, ದಂಡಿಯಲ್ಲಿ ನಿಂತು ಉಪ್ಪು ಎಂದರೆ ಅಡುಗೆಗೆ ಹಾಕುವ ವಸ್ತು ಎಂದ ಹಾಗೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗದ್ದೆ ಒಡೆಯರದು, ಉಳುಮೆ ಗೇಣಿದಾರರದು. ಬೆಳೆ ಬಂದಾಗ ಒಡೆಯರಿಗೆ ಗೇಣಿ ಭತ್ತ ಅಳೆದುಕೊಡಬೇಕು. ಅಳೆಯುವುದು ಕೊಳಗದಲ್ಲಿ, ಆ ಕೊಳಗ ಒಡೆಯರ ಮನೆಯದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗ ಅರ್ಧ ಸೇರು ದೊಡ್ಡದಾಗಿದ್ದರೆ ಪ್ರತಿ ಖಂಡುಗಕ್ಕೆ ಹತ್ತು ಸೇರು ಭತ್ತ ಸುಮ್ಮನೆ ಹೋಯಿತು. ಗೇಣಿ ಕರಾರು ಬದಲಾಗಿಲ್ಲ, ಮಾತು ಬದಲಾಗಿಲ್ಲ, ಬದಲಾಗಿದ್ದು ಪಾತ್ರೆ ಮಾತ್ರ. ಅಳೆಯುವವರು ಮೊದಲ ಕೊಳಗಕ್ಕೆ "ಒಂದು" ಎನ್ನುವುದಿಲ್ಲ, "ಲಾಭ" ಎನ್ನುತ್ತಾರೆ. ಯಾರ ಲಾಭ ಎಂದು ಕೇಳುವ ಧೈರ್ಯ ಬಹಳ ಕಾಲ ಯಾರಿಗೂ ಇರಲಿಲ್ಲ.

ಕೇಳಿದ್ದು ಕಾಗೋಡಿನಲ್ಲಿ, 1951ರಲ್ಲಿ. ನಮ್ಮ ತಾಲ್ಲೂಕಿನದೇ ಊರು. ಗೇಣಿ ಅಳೆಯುವ ಕೊಳಗದ ಅಳತೆ ಸರಿ ಇರಬೇಕು ಎಂದು ದೀವರ ಗೇಣಿದಾರರು ಎದ್ದು ನಿಂತರು. ಎಚ್. ಗಣಪತಿಯಪ್ಪ ಮುಂದಾಳು. ಸಮಾಜವಾದಿಗಳು ಜೊತೆಗೆ ಬಂದರು, ಶಾಂತವೇರಿ ಗೋಪಾಲಗೌಡರು ಬಂದರು. ರಾಮಮನೋಹರ ಲೋಹಿಯಾ ಉತ್ತರದಿಂದ ಇಲ್ಲಿಯವರೆಗೆ ಬಂದು ಬಂಧನಕ್ಕೊಳಗಾದರು. ಹೆಂಗಸರೂ ಗದ್ದೆಗೆ ಇಳಿದು ಜೈಲಿಗೆ ಹೋದರು. ಇಷ್ಟಕ್ಕೆಲ್ಲ ಮೂಲ ಒಂದು ಪಾತ್ರೆ. ಆ ಜಾತಿಯ ಪಾತ್ರೆಯಲ್ಲಿ ಈಗ ಒಣಹೂವು ಇದೆ.

ಕಾಗೋಡಿನಿಂದ ಕಾನೂನಿನವರೆಗೆ ಬರಲು ಇನ್ನೂ ಇಪ್ಪತ್ತಮೂರು ವರ್ಷ ಬೇಕಾಯಿತು. ದೇವರಾಜ ಅರಸರ ಸರ್ಕಾರದ ತಿದ್ದುಪಡಿಯಿಂದ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಹೋಯಿತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಉಳುವವರು ಫಾರಂ ನಂಬರ್ 7 ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ಹಕ್ಕು ಕೇಳಬೇಕಾಯಿತು. ಗೋಪಾಲಗೌಡರು ಅದನ್ನು ನೋಡಲು ಇರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

ನಮ್ಮಜ್ಜ ಫಾರಂ ಕೊಟ್ಟರು. ಕೊಡಬೇಡಿ ಎಂದು ಹೇಳಿಕಳಿಸಿದ್ದರಂತೆ ದೊಡ್ಡಮನೆಯಿಂದ. ಹೆದರಿಸಿದ್ದಲ್ಲ, ಬೇಡಿಕೊಂಡ ಹಾಗೆ ಹೇಳಿದ್ದಂತೆ. ಅಜ್ಜ ಮೂರು ದಿನ ಊಟ ಸರಿಯಾಗಿ ಮಾಡಿರಲಿಲ್ಲ ಎನ್ನುತ್ತಾಳೆ ಅಜ್ಜಿ. ಅಷ್ಟು ವರ್ಷ ಆ ಮನೆಯ ಅನ್ನ ತಿಂದು ಈಗ ಎದುರು ನಿಲ್ಲುವುದು ಹೇಗೆ ಎನ್ನುವುದು ಒಂದು ಸಂಕಟ, ನಿಲ್ಲದಿದ್ದರೆ ಮಕ್ಕಳ ಗತಿ ಏನು ಎನ್ನುವುದು ಇನ್ನೊಂದು. ಕೊನೆಗೆ ಅಜ್ಜಿಯೇ ಹೇಳಿದಳಂತೆ, "ಅನ್ನ ಅವರದಾದರೂ ಬೆಳೆದಿದ್ದು ನಾವೇ ಅಲ್ದಾ?" ಎರಡೆಕರೆ ಚಿಲ್ಲರೆ ಗದ್ದೆ ನಮ್ಮದಾಯಿತು. ಮಂಡಳಿಯ ಆದೇಶದ ಕಾಗದ ಈಗಲೂ ನಮ್ಮ ಟ್ರಂಕಿನಲ್ಲಿದೆ, ಮಡಿಕೆಯಲ್ಲಿ ಹರಿದಿದೆ. ನಾನು ಓದಿದ್ದು, ಈ ಬ್ಲಾಗಿನಲ್ಲಿ ಬರೆಯುತ್ತಿರುವುದು ಎಲ್ಲ ಆ ಕಾಗದದಿಂದ.

ನಾನು ಬರೆದ ನಾಲ್ಕು ಪುಟದಲ್ಲಿ ಇದು ಎರಡು ಪ್ಯಾರಾ ಇತ್ತು. ಅಣ್ಣ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸುಳ್ಳು ಅಂತಲ್ಲ. ಆದರೆ ಅಪ್ಪ ಇನ್ನೂ ಇದ್ದಾರೆ, ದಿನಾ ಆ ಗೋಡೆ ಎದುರೇ ಕೂರ್ತಾರೆ. ಬೇಡ" ಅಂದರು.

ಅವರ ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಮಂಡಳಿಯ ಎದುರು ನಮ್ಮಜ್ಜನ ಆಚೆ ಬದಿಗೆ ನಿಂತವರು ಅವರೇ. ಆ ಮನೆಗೆ ಹತ್ತಾರು ಗೇಣಿದಾರರಿದ್ದರು. ಒಂದೆರಡು ವರ್ಷದಲ್ಲಿ ಗದ್ದೆ ಎಲ್ಲ ಹೋಯಿತು, ಸ್ವಂತಕ್ಕೆ ಮಾಡುತ್ತಿದ್ದ ತೋಟ ಉಳಿಯಿತು. ಬಂದ ಪರಿಹಾರ ಏನೇನೂ ಅಲ್ಲ ಎನ್ನುವುದು ಅವರ ಮಾತು. ಜೀವನಪೂರ್ತಿ ಅವರಿಗೆ ಅನ್ನಿಸಿದ್ದು ಒಂದೇ: ನಮ್ಮದನ್ನು ಕಿತ್ತುಕೊಂಡರು. ನಾನು ಇದನ್ನು ಒಪ್ಪುವುದಿಲ್ಲ. ಆದರೆ ಆ ಮಾತನ್ನು ಕೇಳಿಸಿಕೊಳ್ಳುತ್ತೇನೆ. ಎಲ್ಲ ಭೂಮಾಲೀಕರೂ ಸಿರಿವಂತರಾಗಿರಲಿಲ್ಲ, ಒಂದೆರಡು ಎಕರೆಯನ್ನು ಗೇಣಿಗೆ ಕೊಟ್ಟು ಅದರಲ್ಲೇ ಗಂಜಿ ಕಾಣುತ್ತಿದ್ದ ವಿಧವೆಯರೂ ಇದ್ದರು. ಅದೂ ಚರಿತ್ರೆಯೇ. ಬರೆಯುವುದಾದರೆ ಅದನ್ನೂ ಬರೆಯೋಣ ಎಂದೇ ನಾನು ಹೇಳಿದ್ದು.

ಇನ್ನೊಂದು ಮಾತು. ಭತ್ತ ಬರುವುದು ನಿಂತ ಮೇಲೆ ಆ ಮನೆಯ ಪಣತ ಖಾಲಿಯಾಯಿತು. ಅಷ್ಟು ದೊಡ್ಡ ಮನೆ ಸಾಕುವ ಆದಾಯ ತೋಟವೊಂದರಿಂದಲೇ ಬರಬೇಕಾಯಿತು. 2000ದ ಆಸುಪಾಸಿನಲ್ಲಿ ಅಡಿಕೆ ಧಾರಣೆ ಬಿದ್ದಾಗ ಅದೂ ಕಷ್ಟವಾಯಿತು. ಅಣ್ಣ ಬೆಂಗಳೂರಿನ ಕೆಲಸ ಬಿಟ್ಟು ಬಂದು ಹೋಮ್‌ಸ್ಟೇ ಮಾಡಿದ್ದಕ್ಕೆ ಬೇರು ಅಲ್ಲಿದೆ. 1974 ಇಲ್ಲದೆ ಈ ಹೋಮ್‌ಸ್ಟೇ ಇಲ್ಲ. ಗೋಡೆಯ ಪುಟದಲ್ಲಿ "ಕಾಲ ಬದಲಾದಂತೆ ಮನೆಯ ಸ್ವರೂಪವೂ ಬದಲಾಯಿತು" ಎಂದಿದೆ. ಕಾಲ ತನ್ನಷ್ಟಕ್ಕೆ ಬದಲಾಗುವುದಿಲ್ಲ, ಯಾರೋ ಮೂರು ದಿನ ಊಟ ಬಿಟ್ಟು ಒಂದು ಫಾರಂ ತುಂಬಿದ್ದರಿಂದ ಬದಲಾಯಿತು.

ಬಿಟ್ಟುಹೋದವರು ಗೇಣಿದಾರರು ಮಾತ್ರ ಅಲ್ಲ. ಆ ಮನೆಯ ಹೆಂಗಸರೂ ಬಿಟ್ಟುಹೋಗಿದ್ದಾರೆ. ಗೋಡೆಯ ಪುಟದಲ್ಲಿ ಐದು ತಲೆಮಾರಿನ ವಂಶಾವಳಿ ಇದೆ, ಅದರಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲ. ಅಡುಗೆಮನೆಯ ಹಿಂದೆ ಒಂದು ಕಿಟಕಿಯ ಸಣ್ಣ ಕೋಣೆ ಇದೆ. ಅತಿಥಿಗಳಿಗೆ "ಧ್ಯಾನದ ಕೋಣೆ" ಎಂದು ತೋರಿಸುತ್ತಾರೆ. ಅಣ್ಣನ ಹೆಂಡತಿ, ನಾನು ಅಕ್ಕ ಎನ್ನುತ್ತೇನೆ, ಒಂದು ದಿನ ಮೆಲ್ಲಗೆ ಹೇಳಿದರು: "ಅದು ಧ್ಯಾನದ ಕೋಣೆ ಅಲ್ಲ ಮಾರಾಯ. ಇವರ ಅಜ್ಜನ ತಂಗಿ ಇದ್ದ ಕೋಣೆ. ಹನ್ನೆರಡು ವರ್ಷಕ್ಕೆ ಗಂಡ ಹೋದ. ಎಪ್ಪತ್ತು ವರ್ಷ ಅದೇ ಕೋಣೆಯಲ್ಲಿದ್ದರು. ಅದನ್ನು ಬರಿ."

ಬರೆದೆ. ಅದೂ ಗೋಡೆಗೆ ಹೋಗಲಿಲ್ಲ. ಆ ತಾಯಿಗೆ ಮನೆಯಲ್ಲಿ ಪಾಲು ಎನ್ನುವ ಮಾತೇ ಇರಲಿಲ್ಲ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಬಂದಿದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಈಗ ಅದೇ ಅಡುಗೆಮನೆಯನ್ನು ನಡೆಸುವುದು ಅಕ್ಕ. ಅತಿಥಿಗಳು ಹೊಗಳುವುದು ಅವರ ಕೈಯ ತಂಬುಳಿಯನ್ನು, ಕಳಲೆ ಪಲ್ಯವನ್ನು. ಬುಕಿಂಗ್ ಬರುವುದು ಅವರ ಫೋನಿಗೆ. ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆಗೆ ದುಡ್ಡು ಬರುವ ಮೊದಲ ಸೊಸೆ ನಾನೇ ಈ ಮನೆಯಲ್ಲಿ ಎಂದು ನಗುತ್ತಾ ಹೇಳುತ್ತಾರೆ. ಇದೊಂದು ಸಾಲು ಗೋಡೆಯ ಮೇಲಿದ್ದರೆ ಮನೆಯ ಮರ್ಯಾದೆ ಹೆಚ್ಚುತ್ತಿತ್ತೇ, ಕಡಿಮೆಯಾಗುತ್ತಿತ್ತೇ?

"ಬಂದವರು ಆರಾಮಕ್ಕೆ ಬರ್ತಾರೆ, ಅವರಿಗೆ ಈ ಗೇಣಿ ಜಗಳ ಎಲ್ಲ ಯಾಕೆ" ಎನ್ನುವ ಮಾತಿದೆ. ಅಣ್ಣ ಮಾತ್ರ ಅಲ್ಲ, ಈ ಕೆಲಸ ಮಾಡುವ ಬಹಳ ಜನ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬೆಂಗಳೂರಿನಿಂದ ಬರುವವರು ಆಕಾಶದಿಂದ ಇಳಿದವರಲ್ಲ. ಅವರಲ್ಲಿ ಅರ್ಧ ಜನರ ಅಜ್ಜಂದಿರು ಯಾವುದೋ ಊರಿನಲ್ಲಿ ಗೇಣಿ ಕೊಟ್ಟವರು ಅಥವಾ ತೆಗೆದುಕೊಂಡವರು. ನನ್ನ ಎದುರಿಗೇ ಒಬ್ಬ ಹುಡುಗಿ ಆ ಕೊಳಗ ನೋಡಿ, "ನಮ್ಮಜ್ಜಿ ಮನೇಲೂ ಇತ್ತು, ಇದರಲ್ಲಿ ಏನು ಅಳೀತಿದ್ರು?" ಎಂದು ಕೇಳಿದಳು. ಕೆಲಸದ ಹುಡುಗ "ಭತ್ತ ಮೇಡಂ" ಅಂದ. ಅಲ್ಲಿಗೆ ಮುಗಿಯಿತು. ಆ ಹುಡುಗನೂ ಗೇಣಿದಾರರ ಮನೆಯವನೇ, ಅವನಿಗೂ ಯಾರೂ ಹೇಳಿಲ್ಲ.

200 ವರ್ಷದ ಹಿಂದೆ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷರ ಕಡೆಯ ವೈದ್ಯ ಇಕ್ಕೇರಿ, ಸಾಗರದ ದಾರಿಯಲ್ಲಿ ಹಾದುಹೋದ. ಹೋದ ಹೋದಲ್ಲಿ ಏನು ಬೆಳೆಯುತ್ತಾರೆ ಎಂದು ಕೇಳಿದ್ದಲ್ಲದೆ, ಆಳಿಗೆ ಏನು ಕೂಲಿ, ಗೇಣಿ ಎಷ್ಟು ಎಂದೂ ಬರೆದುಕೊಂಡ. ಅವನ ಉದ್ದೇಶ ಕಂಪನಿಯ ಲಾಭ, ಅದು ಬೇರೆ ಮಾತು. ಕುವೆಂಪು ಕೂಡ ಹೆಗ್ಗಡೆ ಮನೆಗಳ ಕಥೆ ಬರೆಯುವಾಗ ಗುತ್ತಿಯನ್ನೂ ತಿಮ್ಮಿಯನ್ನೂ ಬಿಟ್ಟು ಬರೆಯಲಿಲ್ಲ. "ಮಲೆಗಳಲ್ಲಿ ಮದುಮಗಳು" ಅವರಿಂದಲೇ ಕಾಡು ಹತ್ತಿ ಇಳಿಯುತ್ತದೆ. ಊರಿನವರಾದ ನಾವು ಚೀಟಿಯಲ್ಲಿ ಧಾನ್ಯದ ಪಾತ್ರೆ ಎಂದು ಬರೆದು ಕೈತೊಳೆದುಕೊಂಡರೆ ಹೇಗೆ?

ನಿಮ್ಮೂರಿನಲ್ಲೂ ಇಂಥ ಮನೆ ಹೋಮ್‌ಸ್ಟೇ ಆಗುತ್ತಿದ್ದರೆ, ಅದರ ಚರಿತ್ರೆ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದರೆ, ನನಗೆ ಉಪಯೋಗವಾಗಿದ್ದು ಹೇಳುತ್ತೇನೆ. ಮನೆಯವರ ಮಾತು ಕೇಳಿ, ಆಮೇಲೆ ಅಂಗಳದ ಆಚೆ ಇದ್ದವರ ಮಾತೂ ಕೇಳಿ. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಭೂನ್ಯಾಯ ಮಂಡಳಿಯ ಕಡತಗಳಿರುತ್ತವೆ. ಸರ್ವೆ ನಂಬರ್ ಹೇಳಿ ನಕಲಿಗೆ ಅರ್ಜಿ ಕೊಡಬಹುದು, ಯಾರು ಯಾವ ಗದ್ದೆ ಉಳುತ್ತಿದ್ದರು ಎನ್ನುವುದು ಅಲ್ಲಿ ಸಿಗುತ್ತದೆ. ಹಳೇ ಪಹಣಿಯ ಸಾಗುವಳಿದಾರರ ಕಾಲಂ ನೋಡಿ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಹಳೆಯ ಕಾಗದಪತ್ರಗಳ ಸಂಗ್ರಹ ಇದೆ, ಅಲ್ಲಿಗೂ ಒಮ್ಮೆ ಹೋಗಿ ಬನ್ನಿ. ಆಚಾರಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದನ್ನು ಮಾತ್ರ ಮರೆಯಬೇಡಿ, ಕಾಗದ ಹೇಳದ್ದನ್ನು ಮರ ಹೇಳುತ್ತದೆ. ಎಲ್ಲಕ್ಕಿಂತ ಮೊದಲು ನಿಮ್ಮ ಅಜ್ಜಿಯ ಹತ್ತಿರ ಫೋನ್ ಹಿಡಿದು ಕೂತುಕೊಳ್ಳಿ. ನಾನು ಇದನ್ನೇ ಕೊನೆಗೆ ಮಾಡಿದೆ.

ಈ ಸುಗ್ಗಿಯಲ್ಲಿ ಅಜ್ಜಿಯನ್ನು ದೊಡ್ಡಮನೆಗೆ ಕರೆದುಕೊಂಡು ಹೋಗಿದ್ದೆ. ಅವಳು ಅಲ್ಲಿಗೆ ಹೋಗದೆ ಹತ್ತು ವರ್ಷವೇ ಆಗಿತ್ತು. ಅಂಗಳದಲ್ಲಿ ಚಪ್ಪಲಿ ಬಿಟ್ಟು ಅಲ್ಲೇ ನಿಂತಳು. ಅಕ್ಕ ಬಂದು ಕೈ ಹಿಡಿದು, "ಬನ್ನಿ ಅಜ್ಜಿ, ಮೇಲೆ ಬನ್ನಿ" ಎಂದು ಜಗಲಿಗೆ ಹತ್ತಿಸಿದರು. ಒಳಗಿನ ಕುರ್ಚಿಯಲ್ಲಿ ಅಯ್ಯ ಕೂತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಆರಾಮಿದ್ಯನೇ?" ಎಂದು ಅವರು ಕೇಳಿದರು. "ಹೂಂ ಅಯ್ಯಾ, ಇದೀನಿ" ಅಂದಳು. ಆಮೇಲೆ ಇಬ್ಬರೂ ಈ ವರ್ಷದ ಕೊಳೆರೋಗದ ಬಗ್ಗೆ ಮಾತಾಡಿದರು.

ಹೊರಡುವಾಗ ಅಜ್ಜಿ ಮೇಜಿನ ಹತ್ತಿರ ನಿಂತಳು. ಒಣಹೂವು ಎತ್ತಿ ಪಕ್ಕಕ್ಕಿಟ್ಟು, ಕೊಳಗದೊಳಗೆ ಕೈ ಇಳಿಬಿಟ್ಟು ತಳ ಮುಟ್ಟಿ ನೋಡಿದಳು. ಮೊಣಕೈ ಹತ್ತಿರ ಒಂದು ಗುರುತು ಹಿಡಿದ ಹಾಗೆ ನೋಡಿಕೊಂಡಳು.

"ಇದಲ್ಲ" ಅಂದಳು. "ಇದು ಕೊಡೋ ಕೊಳಗ. ಸಾಲದ ಭತ್ತ, ಕೂಲಿ ಭತ್ತ ನಮಗೆ ಅಳೀತಿದ್ದಿದ್ದು. ತಗಳೋ ಕೊಳಗ ಬೇರೆ ಇತ್ತು. ಅದು ದೊಡ್ಡದು."

ಅಣ್ಣನಿಗೆ ಇದು ಗೊತ್ತಿರಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು. ಅವರು ಅಪ್ಪನ ಕಡೆ ತಿರುಗಿ ನೋಡಿದರು. ಅಯ್ಯ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅಟ್ಟದಲ್ಲಿ ಇರ್ಬೇಕು, ಮೂಡಲ ಮೂಲೆಯಲ್ಲಿ" ಅಂದರು.

ಮೊನ್ನೆ ಅಕ್ಕ ಫೋನ್ ಮಾಡಿದ್ದರು. ಅದು ಸಿಕ್ಕಿದೆಯಂತೆ, ತಳಕ್ಕೆ ಗೆದ್ದಲು ಹಿಡಿದಿದೆಯಂತೆ. ಎರಡನ್ನೂ ಅಕ್ಕಪಕ್ಕ ಇಡುತ್ತೇವೆ, ಚೀಟಿ ನೀನೇ ಬರೆದುಕೊಡು ಅಂದಿದ್ದಾರೆ. ಮೂರು ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲವಂತೆ. ಬರೆಯುತ್ತಿದ್ದೇನೆ.